ವ್ಯಂಗ್ಯವೋ, ಕೊಂಕೋ? ಮಾತಿನ ಚಮತ್ಕಾರಕ್ಕೆ ಸರಿಯಾದ ಹೆಸರು ಕಲಿಯುವುದು ಹೇಗೆ

ಉಪಮೆ, ರೂಪಕ, ಶ್ಲೇಷೆ ಎಲ್ಲವನ್ನೂ ಹೈಸ್ಕೂಲಿನಲ್ಲಿ ಉರು ಹೊಡೆದಿರುತ್ತೇವೆ. ಪರೀಕ್ಷೆ ಮುಗಿದ ಮೇಲೆ ಲಕ್ಷಣ ಮರೆತು ಹೋಗುತ್ತದೆ, ಹೆಸರಷ್ಟೇ ಉಳಿಯುತ್ತದೆ. ಆಮೇಲೆ ಯಾರಾದರೂ ಚುರುಕಾದ ಮಾತೊಂದನ್ನು ಆಡಿದರೆ ‘ಸಖತ್ತಾಗಿತ್ತು’ ಎನ್ನುವುದು ಬಿಟ್ಟು ಬೇರೆ ಪದ ಬಾಯಿಗೆ ಬರುವುದಿಲ್ಲ. ನನ್ನ ಪ್ರಕಾರ ಕಲಿಯುವ ಕ್ರಮವೇ ತಲೆಕೆಳಗಾಗಿದೆ. ಮೊದಲು ಮಾತು ಸಿಗಬೇಕು, ಹೆಸರು ಆಮೇಲೆ. ಮಾತಿಗೆ ಬೆಂಗಳೂರಿನಲ್ಲಿ ಬರವಂತೂ ಇಲ್ಲ.

ಮೊದಲು ಬರೆದಿಟ್ಟುಕೊಳ್ಳಿ

ದರ್ಶಿನಿಯ ಕಟ್ಟೆ, ಬಿಎಂಟಿಸಿ ಬಸ್ಸು, ಆಟೋ ಹಿಂದಿನ ಬರಹ, ಮನೆಯವರ ವಾಟ್ಸಾಪ್ ಗ್ರೂಪು. ನಗು ತರಿಸಿದ ಅಥವಾ ‘ಅರೆ!’ ಅನ್ನಿಸಿದ ಮಾತನ್ನು ಇದ್ದ ಹಾಗೇ ಫೋನಿನಲ್ಲಿ ಬರೆದುಕೊಳ್ಳಿ. ತಿದ್ದಬೇಡಿ, ಗ್ರಾಂಥಿಕ ಮಾಡಬೇಡಿ. ಯಾರು, ಯಾರಿಗೆ, ಯಾವಾಗ ಹೇಳಿದರು ಎಂದು ಪಕ್ಕದಲ್ಲಿ ಒಂದು ಸಾಲು ಇರಲಿ. ಇದು ಆಮೇಲೆ ಬಹಳ ಕೆಲಸಕ್ಕೆ ಬರುತ್ತದೆ. ಸ್ವಲ್ಪ ಮಾತು ಸೇರುವ ತನಕ ಹೆಸರಿನ ಗೊಡವೆಗೇ ಹೋಗಬೇಡಿ.

ಒಂದೇ ಮಾತನ್ನು ತಿರುಗಿಸಿ ನೋಡಿ

ಬೆಳಗಿನ ರಷ್ಷಿನ ಬಸ್ಸನ್ನೇ ತೆಗೆದುಕೊಳ್ಳಿ. ‘ಬಸ್ಸು ಕುರಿದೊಡ್ಡಿಯ ಹಾಗೆ ಕಿಕ್ಕಿರಿದಿದೆ’ ಅಂದರೆ ಉಪಮೆ. ಬಸ್ಸು ಉಪಮೇಯ, ಕುರಿದೊಡ್ಡಿ ಉಪಮಾನ, ‘ಹಾಗೆ’ ಎನ್ನುವುದು ವಾಚಕ ಪದ, ಕಿಕ್ಕಿರಿದಿರುವುದು ಸಮಾನ ಧರ್ಮ. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ‘ಬಸ್ಸು ಕುರಿದೊಡ್ಡಿ ಇದ್ದ ಹಾಗಿದೆ’ ಎಂದಷ್ಟೇ ಹೇಳಿದರೆ ಸಮಾನ ಧರ್ಮ ಬಿಟ್ಟುಹೋಯಿತು. ಅದು ಲುಪ್ತೋಪಮೆ.

ಈಗ ‘ಹಾಗೆ’ಯನ್ನೂ ಕಿತ್ತುಹಾಕಿ. ‘ಈ ಬಸ್ಸೇ ಕುರಿದೊಡ್ಡಿ ಸ್ವಾಮಿ’ ಅಂದರೆ ಎರಡೂ ಒಂದೇ ಆಗಿಬಿಟ್ಟವು, ಅಲ್ವಾ? ಹೀಗೆ ಭೇದವೇ ಇಲ್ಲ ಎನ್ನುವ ಹಾಗೆ ಹೇಳಿದರೆ ಅದು ರೂಪಕದ ದಾರಿ. ‘ಕುರಿದೊಡ್ಡಿಗೇ ಚಕ್ರ ಬಂದು ಮೆಜೆಸ್ಟಿಕ್ಕಿಗೆ ಹೊರಟಿದೆಯೇನೋ’ ಅಂದರೆ ಉತ್ಪ್ರೇಕ್ಷೆ. ಇಲ್ಲಿ ಒಂದನ್ನು ಇನ್ನೊಂದಾಗಿ ಕಲ್ಪಿಸಿಕೊಳ್ಳುತ್ತೇವೆ. ‘ಏನೋ’, ‘ಎಂಬಂತೆ’ ಕಂಡರೆ ಉತ್ಪ್ರೇಕ್ಷೆ ಇರಬಹುದೇ ಎಂದು ನೋಡಿ.

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ದಿನದ ಮಾತಿನಲ್ಲಿ, ಪತ್ರಿಕೆಯಲ್ಲೂ, ಸುಮ್ನೆ ಹಿಗ್ಗಿಸಿ ಹೇಳುವುದಕ್ಕೆ ಉತ್ಪ್ರೇಕ್ಷೆ ಎನ್ನುತ್ತೇವೆ. ಅಲಂಕಾರದ ಲೆಕ್ಕದಲ್ಲಿ ಅದು ಅತಿಶಯೋಕ್ತಿ. ‘ಸಿಲ್ಕ್ ಬೋರ್ಡ್ ದಾಟೋಷ್ಟರಲ್ಲಿ ಮಗನಿಗೆ ಮೀಸೆ ಬಂತು’ ಎನ್ನುವುದು ಅತಿಶಯೋಕ್ತಿ. ಅದನ್ನು ಕೇಳಿದವರು ಸುಳ್ಳು ಎನ್ನುವುದಿಲ್ಲ, ತಲೆಯಾಡಿಸುತ್ತಾರೆ.

ಲಕ್ಷ್ಮೀಶನನ್ನು ಉಪಮಾಲೋಲ ಎಂದೂ ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿ ಎಂದೂ ಕರೆಯುವುದನ್ನು ಕೇಳಿರುತ್ತೀರಿ. ಈ ಅಭ್ಯಾಸ ಆದ ಮೇಲೆ ಅವು ಬರೀ ಬಿರುದಾಗಿ ಕೇಳಿಸುವುದಿಲ್ಲ. ಅಂದ ಹಾಗೆ, ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಕೃತಿ 9ನೇ ಶತಮಾನದ ಕವಿರಾಜಮಾರ್ಗ. ಅದರ ಮುಖ್ಯ ವಿಷಯವೇ ಅಲಂಕಾರ!

ಶಬ್ದದ ಆಟ

ಶ್ಲೇಷೆ ಮತ್ತು ಯಮಕ ಅಕ್ಕತಂಗಿಯರು. ‘ನೆರೆ’ ಎಂಬ ಪದ ನೋಡಿ. ಪ್ರವಾಹವೂ ನೆರೆ, ಪಕ್ಕದ ಮನೆಯೂ ನೆರೆ, ಬಿಳಿ ಕೂದಲೂ ನೆರೆ. ‘ನಮ್ಮ ಲೇಔಟಲ್ಲಿ ನೆರೆಯವರು ಬರಲ್ಲ, ನೆರೆ ಮಾತ್ರ ತಪ್ಪದೆ ಬರುತ್ತೆ’ ಎಂಬಲ್ಲಿ ಒಂದೇ ಶಬ್ದ ಎರಡು ಸಲ ಬಂದು ಎರಡು ಅರ್ಥ ಕೊಟ್ಟಿತು. ಇದು ಯಮಕ. ತಾತ ತಲೆ ಸವರಿಕೊಂಡು ‘ಮಳೆಗಾಲ ಬಂತಲ್ಲಪ್ಪಾ, ನಂಗೂ ನೆರೆ ಬಂದಿದೆ’ ಅಂದರೆ ಒಂದೇ ಪದದಲ್ಲಿ ಎರಡು ಅರ್ಥ ಕೂತಿದೆ. ಇದು ಶ್ಲೇಷೆ. ಇಂಗ್ಲಿಷನ್ನೂ ಕನ್ನಡವನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ಈ ಆಟ ಆಡಿದವರಲ್ಲಿ ಟಿ.ಪಿ. ಕೈಲಾಸಂ ಅವರದ್ದೇ ದೊಡ್ಡ ಹೆಸರು. ಇಂದಿನ ಬೆಂಗಳೂರಿನ ಬೆರಕೆ ಮಾತಿಗೆ ಅವರೇ ಹತ್ತಿರದ ನೆಂಟರು.

ಪ್ರಾಸಕ್ಕೆ ಆಟೋಗಳೇ ಸಾಕು. ‘ಸಾಲ ತೀರಲಿ, ಕಾಲ ಬದಲಾಗಲಿ’ ಎಂಬಂಥ ಬರಹದಲ್ಲಿ ಎರಡೂ ಭಾಗದ ಎರಡನೇ ಅಕ್ಷರ ‘ಲ’. ಇದು ಆದಿಪ್ರಾಸ. ಕೊನೆಯ ‘ಲಿ’ ಅಂತ್ಯಪ್ರಾಸ.

ನಗುವಿಗೂ ಮೆಟ್ಟಿಲುಗಳಿವೆ

ನಗುವಿನ ಪದಗಳೇ ನಿಜಕ್ಕೂ ಕಷ್ಟ. ಲಕ್ಷಣ ಓದಿದರೆ ಇವು ತಲೆಗೆ ಹತ್ತುವುದಿಲ್ಲ. ಒಂದು ಸನ್ನಿವೇಶ ಇಟ್ಟುಕೊಂಡು ಎಲ್ಲ ಪದಗಳನ್ನೂ ಅದರ ಮೇಲೆ ಪ್ರಯೋಗಿಸಿ. ಗಾಂಧಿ ಬಜಾರಿನಲ್ಲಿ ಕಾಫಿಗೆ ಸೇರುವುದು ಎಂದಾಗಿದೆ. ಗೆಳೆಯ ಒಂದು ಗಂಟೆ ತಡ.

‘ಬಾ ಬಾ, ಇಷ್ಟು ಬೇಗ ಬಂದ್ಬಿಟ್ಯಲ್ಲ!’ ಇದು ವ್ಯಂಗ್ಯ. ಆಡಿದ್ದು ಒಂದು, ಅರ್ಥ ಅದರ ಉಲ್ಟಾ. ‘ದೊಡ್ಡೋರಪ್ಪ ನೀವು, ನಿಮ್ಮ ಟೈಮಿಗೆ ನಾವು ಹೊಂದ್ಕೋಬೇಕು’ ಎನ್ನುವುದು ಕೊಂಕು. ಇದರಲ್ಲಿ ಒಂದು ಸಣ್ಣ ಮುಳ್ಳಿದೆ, ಹಳೆಯ ಅಸಮಾಧಾನವೂ ಇದೆ. ಅವನ ‘ಐದೇ ನಿಮಿಷ ಮಗಾ, ಬಂದೆ’ ಎಂಬ ರಾಗವನ್ನು ಅವನ ಹಾಗೇ ಹೇಳಿ ತೋರಿಸಿದರೆ ಅಣಕ. ಮೇಜಿನ ಸುತ್ತ ಇದ್ದವರೆಲ್ಲ ಸೇರಿ ನಕ್ಕರೆ ಗೇಲಿ. ಆ ನಗುವಿನಲ್ಲಿ ಅವನನ್ನು ಕೀಳು ಮಾಡುವ ಉದ್ದೇಶ ಸೇರಿದರೆ ಲೇವಡಿ. ಅವನ ಕಾಫಿಗೆ ಸದ್ದಿಲ್ಲದೆ ಉಪ್ಪು ಹಾಕಿದರೆ ಅದು ಕೀಟಲೆ, ಮಾತಿಗೆ ಸಂಬಂಧವೇ ಇಲ್ಲ.

ಮರುದಿನ ನೀವು ‘ಐದು ನಿಮಿಷ’ ಎನ್ನುತ್ತಲೇ ಬದುಕುವ ಇಡೀ ಊರಿನ ಬಗ್ಗೆ ಒಂದು ಬರಹ ಬರೆದರೆ ವಿಡಂಬನೆ. ಅದರ ಗುರಿ ಒಬ್ಬ ಗೆಳೆಯನಲ್ಲ, ಎಲ್ಲರ ರೂಢಿ. ಒಳ್ಳೆಯ ವಿಡಂಬನೆ ಓದಬೇಕಾದರೆ ರಾ.ಶಿ. ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಹುಡುಕಿ.

ಯಾರು, ಯಾರಿಗೆ ಎಂದು ಬರೆದಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ. ಅದೇ ‘ಇಷ್ಟು ಬೇಗ ಬಂದ್ಬಿಟ್ಯಲ್ಲ’ ಎಂಬ ಮಾತು ಗೆಳೆಯನಿಗೆ ಹೇಳಿದರೆ ತಮಾಷೆಯ ವ್ಯಂಗ್ಯ, ಅತ್ತೆ ಸೊಸೆಗೆ ಹೇಳಿದರೆ ಕೊಂಕು. ಮಾತು ಬದಲಾಗಲಿಲ್ಲ, ಹೆಸರು ಬದಲಾಯಿತು.

ಹೊಗಳಿ ತೆಗಳುವುದಕ್ಕೂ ಒಂದು ಹೆಸರಿದೆ, ವ್ಯಾಜಸ್ತುತಿ. ‘ನಮ್ಮ ರಸ್ತೆ ಎಂಥಾ ಚಂದ, ಜಿಮ್ಮಿಗೆ ದುಡ್ಡು ಕಟ್ಟೋ ಹಾಗೇ ಇಲ್ಲ, ಸ್ಕೂಟರಲ್ಲಿ ಕೂತರೆ ಸಾಕು’. ತೆಗಳುವ ನೆಪದಲ್ಲಿ ಹೊಗಳಿದರೂ ಇದೇ ಹೆಸರು. ದಾಸರು ದೇವರನ್ನು ಬೈದು ಹಾಡಿದ್ದು ಈ ಜಾತಿಯದೇ. ಅದನ್ನು ನಿಂದಾಸ್ತುತಿ ಎನ್ನುತ್ತಾರೆ.

ನುಡಿಗಟ್ಟೋ, ಗಾದೆಯೋ?

ಇದಕ್ಕೆ ಸುಲಭದ ಪರೀಕ್ಷೆ ಇದೆ. ‘ಕಾಗೆ ಹಾರಿಸು’ ನುಡಿಗಟ್ಟು. ಹಾರಿಸಿದ, ಹಾರಿಸ್ತಾನೆ, ಹಾರಿಸ್ಬೇಡ ಎಂದು ಹೇಗೆ ಬೇಕಾದರೂ ಬಳಸಬಹುದು. ಆದರೆ ಕಾಗೆಯ ಬದಲು ಪಾರಿವಾಳ ಹಾಕಿದರೆ ಅರ್ಥವೇ ಹಾರಿಹೋಗುತ್ತದೆ. ಗಾದೆ ಹಾಗಲ್ಲ, ಅದು ಪೂರ್ತಿ ವಾಕ್ಯ. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎನ್ನುವುದನ್ನು ಇಡಿಯಾಗಿಯೇ ಬಳಸಬೇಕು.

ಕೊನೆಗೆ ಪುಸ್ತಕ, ಗಮಕ

ಈಗ ಪುಸ್ತಕ ತೆರೆಯಬಹುದು. ದೊಡ್ಡ ಗ್ರಂಥ ಬೇಡ, ಪ್ರೌಢಶಾಲೆಯ ಹಳೆಯ ಕನ್ನಡ ಪಠ್ಯಪುಸ್ತಕ ಸಾಕು. ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡಿ. ನಿಮ್ಮ ಪಟ್ಟಿಯ ಮಾತುಗಳನ್ನು ಅಲ್ಲಿನ ಲಕ್ಷಣಗಳಿಗೆ ಒಂದೊಂದಾಗಿ ಹೊಂದಿಸಿ. ಹೊಂದದ ಮಾತನ್ನು ಬಲವಂತವಾಗಿ ತುರುಕಬೇಡಿ, ಪಕ್ಕಕ್ಕಿಡಿ. ನಿಘಂಟು ನೋಡಬೇಕೆಂದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯ ಇದೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿದೆ.

ಊರಲ್ಲಿ ಗಮಕ ವಾಚನ ಇದ್ದಾಗ ಒಮ್ಮೆ ಹೋಗಿ ಕೂತುಬನ್ನಿ. ಒಬ್ಬರು ಪದ್ಯ ಹಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಪದ್ಯದಲ್ಲಿ ನೀವು ಹಿಡಿದ ಅಲಂಕಾರ ಸರಿಯೋ ಅಲ್ಲವೋ ಎಂದು ಅನುಮಾನ ಬಂದರೆ ಕಾರ್ಯಕ್ರಮ ಮುಗಿದ ಮೇಲೆ ವ್ಯಾಖ್ಯಾನಕಾರರನ್ನೇ ಕೇಳಿ. ಪದ್ಯದ ಮೊದಲ ಸಾಲನ್ನು ಬರೆದುಕೊಂಡಿದ್ದರೆ ಕೇಳುವುದು ಸುಲಭ.