ಗಿಟಾರೋನ್ ಕೈಗೆ ಕೂತದ್ದು ಹೀಗೆ

ಮೆಕ್ಸಿಕೋದ ಮರಿಯಾಚಿ ವಾದ್ಯಮೇಳ ಅಂದ ಕೂಡಲೇ ದೊಡ್ಡ ಟೋಪಿ, ಟ್ರಂಪೆಟ್ ನೆನಪಾಗುತ್ತದೆ, ಅಲ್ವಾ? ಆದರೆ ಟ್ರಂಪೆಟ್ ಈ ಮೇಳದಲ್ಲಿ ಖಾಯಂ ಆದದ್ದು 20ನೇ ಶತಮಾನದಲ್ಲಿ, ರೇಡಿಯೋ ಬಂದ ಮೇಲೆ. ಡ್ರಮ್ ಇಲ್ಲದ ಈ ಮೇಳವನ್ನು ಹಿಡಿದು ನಿಲ್ಲಿಸುವುದು ಗಿಟಾರೋನ್ ಅನ್ನುವ, ತಗ್ಗು ಸ್ವರದ ದೊಡ್ಡ ಗಿಟಾರ್. ಕೆಲಸದ ಮೇಲೆ ಮೆಕ್ಸಿಕೋದ ಗ್ವಾದಲಹಾರಾ ನಗರದಲ್ಲಿದ್ದಾಗ ನಾನು ಕಲಿತದ್ದು ಅದನ್ನೇ.

ಹಿಂಬದಿ ಉಬ್ಬಿರುವ ದಪ್ಪ ವಾದ್ಯ. 6 ತಂತಿ, ಸ್ವರದ ಜಾಗ ತೋರಿಸುವ ಅಡ್ಡಪಟ್ಟಿ (ಫ್ರೆಟ್) ಇಲ್ಲ. ಬೀದಿಯಲ್ಲಿ ಮೈಕ್ ಇಲ್ಲದೆ ಕೇಳಿಸಬೇಕಲ್ಲ, ಹಾಗಾಗಿ ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ, ಹೆಬ್ಬೆರಳು ಮತ್ತು ಇನ್ನೊಂದು ಬೆರಳಿಂದ ಒಟ್ಟಿಗೆ ಎಳೆದು ಬಿಡುತ್ತಾರೆ. ಮೊದಮೊದಲು ಬೆರಳಿಗೆ ಬೊಬ್ಬೆ ಬರುತ್ತದೆ, ಅದಕ್ಕೆ ಉಪಾಯ ಇಲ್ಲ.

ಸ್ವರಗಳಲ್ಲಿ 'ಲಾ' (ಇಂಗ್ಲಿಷಿನ A) ಸುಲಭ: 6ನೇ ತಂತಿ, 1ನೇ ತಂತಿ, ಎರಡನ್ನೂ ಒತ್ತಬೇಕಿಲ್ಲ. 'ರೆ'ಗೆ (D) 5ನೇದನ್ನು ಖಾಲಿ ಬಿಟ್ಟು 3ನೇದರಲ್ಲಿ ಎರಡು ಅರೆಸ್ವರ ಮೇಲೆ ಒತ್ತಬೇಕು. 'ಸೋಲ್'ಗೆ (G) 4ನೇದು ಖಾಲಿ, 2ನೇದರಲ್ಲಿ ಮೂರು ಅರೆಸ್ವರ ಮೇಲೆ. ಈ ಮೂರು ಜೋಡಿ ನೋಡದೆ ಬರುವ ತನಕ ನಾನು ಬೇರೇನೂ ಮುಟ್ಟಲಿಲ್ಲ. ಯಾಕಂದ್ರೆ ರೆ ಮೇಜರ್‌ನಲ್ಲಿ ಒಂದು ಸರಳ ರಾಂಚೆರಾ (ಮೆಕ್ಸಿಕೋದ ಹಳ್ಳಿ ಸೊಗಡಿನ) ಹಾಡನ್ನು ದಾಟಿಸಲು ಇಷ್ಟೇ ಸಾಕು. ಮೂರು ಎಣಿಕೆಯ ಹಾಡಾದರೆ ಮೊದಲನೆಯದು ನಮ್ಮದು, ಉಳಿದೆರಡು ವಿಹುವೇಲಾ ಅನ್ನುವ ಸಣ್ಣ ಗಿಟಾರ್ ನುಡಿಸುವವರದು. ಬೊಲೇರೋ, ಪೋಲ್ಕಾ ಲಯಗಳು ಕೂಡ ಬೇಗ ಬಂದವು.

ಕಾಡಿದ್ದು ಸೋನ್. ಹಾಲಿಸ್ಕೋ ರಾಜ್ಯದ ಈ ಹಾಡುಗಳಲ್ಲಿ ಆರು ಏಟುಗಳು ಒಮ್ಮೆ ಮೂರು-ಮೂರಾಗಿ, ಮರುಕ್ಷಣವೇ ಎರಡು-ಎರಡು-ಎರಡಾಗಿ ಒಡೆಯುತ್ತವೆ, ಕೆಲವೊಮ್ಮೆ ಪಿಟೀಲು ಒಂದು ಲೆಕ್ಕದಲ್ಲಿ ಹೋಗುತ್ತಿದ್ದರೆ ನಾವು ಇನ್ನೊಂದರಲ್ಲಿ. ನಮ್ಮಲ್ಲಿ ತಾಳ ಹಾಕಿ ಕಲಿತವರಿಗೆ ಲೆಕ್ಕ ಅರ್ಥವಾಗುತ್ತದೆ, ಆದರೆ ಎಣಿಸುತ್ತಾ ಕೂತರೆ ಕೈ ತಡವಾಗುತ್ತದೆ. ಕೊನೆಗೆ ಎಣಿಸುವುದನ್ನೇ ಬಿಟ್ಟು ವಿಹುವೇಲಾ ನುಡಿಸುವವರ ಬಲಗೈ ನೋಡುತ್ತಾ ನಿಂತೆ. ಅವರ ಮಣಿಕಟ್ಟು ಯಾವಾಗ ಕೆಳಗೆ ಬೀಳುತ್ತದೆ, ಯಾವಾಗ ಸುರುಳಿ ತಿರುಗುತ್ತದೆ ಅನ್ನುವುದು ಕಣ್ಣಿಗೆ ಹತ್ತಿದ ಮೇಲೆ ನನ್ನ ಏಟು ತಾನಾಗೇ ಜಾಗಕ್ಕೆ ಬಂತು. ಅಲ್ಲಿನ ಹಳಬರೂ ಇದನ್ನು ಕಾಗದದಲ್ಲಿ ಕಲಿಸುವುದಿಲ್ಲ, ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ ಅಷ್ಟೇ.

ಹುಟ್ಟುಹಬ್ಬಕ್ಕೆ ನುಡಿಸಲು ಹೋದರೆ ಇನ್ನೊಂದು ಪಾಠ. ಅಲ್ಲಿನ ಹುಟ್ಟುಹಬ್ಬದ ಹಾಡು 'ಲಾಸ್ ಮನ್ಯಾನಿತಾಸ್' ಖಂಡಿತ ಕೇಳುತ್ತಾರೆ, ಆಮೇಲೆ ಮನೆಯವರಲ್ಲೇ ಯಾರೋ ಹಾಡಲು ಎದ್ದು ನಿಲ್ಲುತ್ತಾರೆ. ಶ್ರುತಿ ಅವರ ಗಂಟಲಿಗೆ ಹೊಂದಬೇಕು. ಯಾರಾದರೂ 'ಮಿ ಬೆಮೋಲ್' (E ಫ್ಲ್ಯಾಟ್ ಶ್ರುತಿ) ಅಂದರೋ, ಖಾಲಿ ತಂತಿಯ ಸುಖ ಮುಗಿಯಿತು. ಮೂರು ಮುಖ್ಯ ಸ್ವರಗಳಿಗೂ ಎರಡೆರಡು ತಂತಿ ಒತ್ತಲೇಬೇಕು. ಈಗ ದಿನಾ ಅಭ್ಯಾಸ ಶುರು ಮಾಡುವುದು ಅದರಿಂದಲೇ.