ಕೆಂಪು ಏಲ್ ಜೊತೆಗೆ ಕೋಳಿ ಸುಕ್ಕ

ಮೊದಲು ಮಗ್ಗನ್ನು ವಾಪಸ್ ಕಳುಹಿಸಿದೆ. ಫ್ರೀಜರಿನಿಂದ ತೆಗೆದದ್ದು, ಮೈಯೆಲ್ಲ ಬಿಳಿ ಮಂಜು ಹಿಡಿದಿತ್ತು. ಮಂಗಳೂರಿನ ಸೆಕೆಯಲ್ಲಿ ಅದು ಉಪಚಾರವೇ ಸರಿ, ಆದರೆ ಐರ್ಲೆಂಡಿನ ಕೆಂಪು ಬಿಯರಾದ ಐರಿಷ್ ರೆಡ್ ಏಲ್‌ಗೆ ಒಗ್ಗುವುದಿಲ್ಲ. ತೀರಾ ತಣ್ಣಗಾದರೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಪರಿಮಳ ಮೇಲೇಳುವುದೇ ಇಲ್ಲ. ನಾಲಿಗೆಗೆ ತಣ್ಣನೆಯ ನೊರೆ ಮಾತ್ರ ಸಿಗುತ್ತದೆ. ಮಾಮೂಲಿ ಗಾಜಿನ ಲೋಟ ಕೇಳಿ, ಬಿಯರ್ ಸುರಿದು, ಸ್ಟಾರ್ಟರ್ ಬರುವವರೆಗೆ ಮುಟ್ಟದೆ ಇಟ್ಟೆ. ಎಂಟು ಹತ್ತು ಡಿಗ್ರಿಯ ಆಸುಪಾಸಿಗೆ ಬಂದರೆ ಸಾಕು.

ಈ ಬಿಯರಿನ ಕೆಂಪಿನ ಗುಟ್ಟು ಹುರಿಯುವುದರಲ್ಲಿದೆ. ಮೊಳಕೆ ಬರಿಸದ ಬಾರ್ಲಿಯನ್ನು ಕಾಫಿ ಬೀಜದ ಬಣ್ಣಕ್ಕೆ ಹುರಿದು, ಚೂರೇ ಚೂರು ಸೇರಿಸುತ್ತಾರೆ. ಅದೇ ಬಾರ್ಲಿ ಹೆಚ್ಚಾದರೆ ಕಡುಬಣ್ಣದ ಬಿಯರಾದ ಸ್ಟೌಟ್‌ನ ಕಪ್ಪು. ಹಾಪ್ಸ್ ಹೂವಿನ ಕಹಿ ಕಡಿಮೆ. ಮೊದಲು ಕ್ಯಾರಮೆಲ್‌ನಂಥ ಸಿಹಿ, ಕೊನೆಗೆ ಸುಟ್ಟ ಬ್ರೆಡ್ಡಿನ ಒಣ ರುಚಿ. ಆಲ್ಕೋಹಾಲ್ ಶೇ 4ರಿಂದ 5. ಐರ್ಲೆಂಡಿನ ಕಿಲ್ಕೆನ್ನಿ ಊರಿನ ಸ್ಮಿಥಿಕ್ಸ್ ಈ ಜಾತಿಯ ಹಳೆಯ ಹೆಸರು; 1710ರಿಂದ ತಮ್ಮ ಲೆಕ್ಕ ಶುರು ಎನ್ನುತ್ತಾರೆ. ಆ ಊರಿನ ಬ್ರೂವರಿ 2013ರಲ್ಲಿ ಮುಚ್ಚಿತು, ತಯಾರಿಕೆ ಡಬ್ಲಿನ್‌ಗೆ ಹೋಯಿತು.

ಜೊತೆಗಿದ್ದ ಭಾವನವರು ಸ್ಟ್ರಾಂಗ್ ಲಾಗರ್, ಅಂದರೆ ನಮ್ಮಲ್ಲಿ ಎಲ್ಲೆಡೆ ಸಿಗುವ ತಿಳಿ ಬಣ್ಣದ ಬಿಯರಿನ ಖಾಯಂ ಗಿರಾಕಿ. ಒಂದು ಗುಟುಕು ಕುಡಿದು, "ಇದೆಂತ ಬಿಯರೋ ಕಷಾಯವೋ ಮಾರಾಯ?" ಎಂದರು. ಬೈಗುಳವೆಂದೇ ಹೇಳಿದ್ದು, ಆದರೆ ನಮ್ಮ ಕೊತ್ತಂಬರಿ ಕಷಾಯದಲ್ಲೂ ಹುರಿದ ವಾಸನೆಯೇ ಮುಂದಲ್ಲವೇ?

ಕಾಣೆ ಮೀನಿನ ರವೆ ಫ್ರೈ ಜೊತೆ ತಕರಾರಿಲ್ಲ; ಬಾಯಿಯ ಎಣ್ಣೆ ಜಿಡ್ಡನ್ನು ಬಿಯರಿನ ಗುಳ್ಳೆ ತೊಳೆಯುತ್ತದೆ. ಅಷ್ಟು ಯಾವ ಬಿಯರಾದರೂ ಮಾಡೀತು. ಬಂಗುಡೆ ಪುಳಿಮುಂಚಿ ಬಂದಾಗ ಜೋಡಿ ಮುರಿಯಿತು. ಹುಣಸೆಯ ಹುಳಿ ಮಾಲ್ಟಿನ ಸಿಹಿಯನ್ನು ನುಂಗಿಹಾಕಿತು, ಉಳಿದದ್ದು ನೀರು ನೀರಾದ ಒಂದು ಕಹಿ. ಮೆಣಸಿನ ಉರಿಯೂ ಗುಳ್ಳೆಯ ಚುರುಕಿಗೆ ಇನ್ನಷ್ಟು ಏರಿತು. ಬಿಯರ್ ಖಾರ ಇಳಿಸುತ್ತದೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಖಾರದ ಅಂಶ ನೀರಿನಲ್ಲಿ ಕರಗುವಂಥದ್ದಲ್ಲ, ಇಷ್ಟು ತೆಳು ಆಲ್ಕೋಹಾಲಿನಿಂದಲೂ ಹೆಚ್ಚೇನೂ ಆಗದು.

ಕೋಳಿ ಸುಕ್ಕ, ನೀರುದೋಸೆ ಬಂದ ಮೇಲೆ ಲೋಟ ನಿಜವಾಗಿ ಖಾಲಿಯಾಗತೊಡಗಿತು. ಸುಕ್ಕದ ತೆಂಗಿನ ತುರಿ ಕಂದು ಅಂಚು ಬರುವಷ್ಟು ಹುರಿದಿತ್ತು. ಬ್ಯಾಡಗಿ ಮೆಣಸು ಬಣ್ಣ ಕೊಟ್ಟಿತ್ತೇ ಹೊರತು ಕಣ್ಣಲ್ಲಿ ನೀರು ತರಿಸಲಿಲ್ಲ. ತುರಿ ಜಗಿದು ಒಂದು ಗುಟುಕು ಕುಡಿದರೆ, ಕಾಯಿಯ ಹುರಿದ ವಾಸನೆ ಎಲ್ಲಿ ಮುಗಿಯಿತು, ಬಾರ್ಲಿಯದು ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ನೀರುದೋಸೆ ನಡುವೆ ಬಾಯಿಯನ್ನು ಮತ್ತೆ ಸಪ್ಪೆ ಮಾಡಿಕೊಡುತ್ತದೆ. ಅದಿಲ್ಲದಿದ್ದರೆ ನಾಲ್ಕು ತುತ್ತಿಗೇ ಎರಡೂ ಭಾರವಾಗುತ್ತಿದ್ದವು. ಮರುವಾಯಿ (ಚಿಪ್ಪುಮೀನು) ಸುಕ್ಕಕ್ಕೂ ಇದು ಹೊಂದಬೇಕು. ಗೀ ರೋಸ್ಟ್ ಬಗ್ಗೆ ಅನುಮಾನವಿದೆ, ಅದರಲ್ಲೂ ಹುಳಿಯಿದೆ.

ಭಾವನವರು ಎರಡನೆಯ ಸುತ್ತಿಗೆ ತಮ್ಮ ಲಾಗರನ್ನೇ ಹೇಳಿದರು, ಐಸಿನಷ್ಟು ತಣ್ಣಗೆ. ಪುಳಿಮುಂಚಿಯ ತಟ್ಟೆಯನ್ನು ಅವರ ಕಡೆಗೆ ಸರಿಸಿ, ಸುಕ್ಕವನ್ನು ನನ್ನ ಬಳಿ ಇಟ್ಟುಕೊಂಡೆ.