ಪ್ಲೇನರ್ ಇಲ್ಲದೆ ಸಮತಟ್ಟಾದ ವೆಲ್ಡಿಂಗ್ ಟೇಬಲ್: ನನ್ನ ಅನುಭವ

ಕಳೆದ ವಾರ ನನ್ನ ಟೇಬಲ್ ಮೇಲೆ ಹನ್ನೊಂದನೆಯ ರೊಟ್ಟಿ ಯಂತ್ರದ ಚೌಕಟ್ಟು ಎದ್ದು ನಿಂತಿತು. ಎರಡೂ ಕರ್ಣ ಅಳೆದೆ, ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಇಲ್ಲ. ಬೇರಿಂಗ್ ಹಿಡಿದಿಡುವ ಪ್ಲಮ್ಮರ್ ಬ್ಲಾಕ್ ಕೂರಿಸಿ ಶಾಫ್ಟ್ ತೂರಿಸಿದೆ. ಸಂದು ತುಂಬುವ ತೆಳು ತಗಡು, ಅಂದರೆ ಶಿಮ್, ಒಂದೂ ಹಾಕದೆ ಎರಡು ಬೆರಳಲ್ಲಿ ತಿರುಗಿತು. ಇದೇ ಚೌಕಟ್ಟನ್ನು ನೆಲದ ಮೇಲೆ ಇಟ್ಟಿಗೆ ಜೋಡಿಸಿ ಮಾಡುತ್ತಿದ್ದಾಗ ಪ್ರತಿ ಯಂತ್ರಕ್ಕೂ ಅರ್ಧ ದಿನ ಶಿಮ್ ಕತ್ತರಿಸುವುದರಲ್ಲೇ ಕಳೆಯುತ್ತಿತ್ತು.

ಹುಬ್ಬಳ್ಳಿಯ ನನ್ನ ಮನೆಯ ಹಿತ್ತಲಲ್ಲಿ 12ಕ್ಕೆ 18 ಅಡಿಯ ತಗಡಿನ ಶೆಡ್ ಇದೆ. ಸಿಂಗಲ್ ಫೇಸ್ ವಿದ್ಯುತ್ತು, 200 ಆಂಪಿಯರ್‌ನ ಮಿಗ್ ವೆಲ್ಡಿಂಗ್ ಯಂತ್ರ, ಒಂದು ಬೆಂಚ್ ಡ್ರಿಲ್. ಪ್ಲೇಟನ್ನು ಹೆರೆದು ಸಮ ಮಾಡುವ ದೊಡ್ಡ ಯಂತ್ರವಾದ ಪ್ಲೇನರ್ ಇಲ್ಲದೆ, ಇಷ್ಟರಲ್ಲೇ ಸಪಾಟು ಟೇಬಲ್ ಮಾಡುತ್ತೇನೆ ಎಂದಾಗ ನನಗೆ ಕೆಲಸ ಕಲಿಸಿದ ಕಾಕಾ ಒಪ್ಪಲಿಲ್ಲ. "ತಮ್ಮಾ, ಪ್ಲೇನರ್ ಕಾಣದ ಪ್ಲೇಟಿನ ಮೇಲೆ ಗುನ್ಯಾ (ಮೂಲೆಮಟ್ಟ) ಇಟ್ಟು ಏನು ನೋಡುತ್ತೀ?" ಎಂದರು. ಪ್ಲೇನರ್‌ಗೆ ಹಾಕಿಸಲು ಕೇಳಿದ ದರ ಸಾಗಣೆ ಬಿಟ್ಟು 14,000 ರೂಪಾಯಿ. ಹೊರಗಿನಿಂದ ಸಿದ್ಧ ಟೇಬಲ್ ತರಿಸಿದರೆ ಒಂದೂಕಾಲು ಲಕ್ಷ. ಎರಡೂ ನನ್ನ ಕೈಗೆ ಎಟುಕುವಂಥವಲ್ಲ.

ಮೊದಲ ಟೇಬಲ್ ಕೆಟ್ಟಿತು, ಅದನ್ನು ಮುಚ್ಚಿಡುವುದಿಲ್ಲ. 10 ಮಿ.ಮೀ. ಪ್ಲೇಟು, ಕೆಳಗೆ 50ರ ಚೌಕ ಪೈಪಿನ ಚೌಕಟ್ಟು. ಎಲ್ಲರೂ ಮಾಡುವಂತೆ ಅಡಿಯಿಂದ ವೆಲ್ಡ್ ಮಾಡಿದೆ. ಎರಡು ಇಂಚು ಹಾಕಿ ಆರು ಇಂಚು ಬಿಟ್ಟು, ಎದುರುಬದುರು ಮೂಲೆಗೆ ಹಾರುತ್ತಾ, ಆರಲು ಬಿಟ್ಟು ಬಿಟ್ಟು ಹಾಕಿದೆ. ಆದರೂ ಬೆಳಗಾಗುವಷ್ಟರಲ್ಲಿ ಅಡಿಯ ಬೆಸುಗೆಗಳು ಎಳೆದು ನಡುಭಾಗ ಮೂರು ಮಿ.ಮೀ. ಉಬ್ಬಿತ್ತು. ಗ್ಯಾಸ್ ಬಾಡಿಗೆಗೆ ತಂದು ಉಬ್ಬಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಕಾಯಿಸಿ ನೀರು ಹೊಯ್ದೆ. ಉಬ್ಬು ಇಳಿದು ಅಲೆ ಎದ್ದಿತು. ಗ್ರೈಂಡರ್ ಹಿಡಿದು ಎರಡು ಭಾನುವಾರ ತಿಕ್ಕಿದೆ, ಅಲೆಗಳ ಜೊತೆಗೆ ಗುಂಡಿಗಳೂ ಬಂದವು. ಒಂಬತ್ತು ಸಾವಿರದ ಸಾಮಾನು ಗುಜರಿಯಲ್ಲಿ ಮೂರೂವರೆ ಸಾವಿರಕ್ಕೆ ಹೋಯಿತು. ಮನೆಯಲ್ಲಿ ಆ ಲೆಕ್ಕ ಹೇಳಲು ನಾಲ್ಕು ದಿನ ಬೇಕಾಯಿತು.

ದಾರಿ ಸಿಕ್ಕಿದ್ದು ಬೇರೆ ಕಡೆ. ಒಂದು ಕಾರ್ಖಾನೆಯಲ್ಲಿ ಕಂಪ್ರೆಸರ್ ಕೂರಿಸುವವರನ್ನು ನೋಡುತ್ತಾ ನಿಂತಿದ್ದೆ. ಅವರು ಯಂತ್ರದ ತಳವಾದ ಬೆಡ್ಡನ್ನು ನೇರವಾಗಿ ನೆಲಕ್ಕೆ ಒತ್ತಿ ಬಿಗಿಯುವುದಿಲ್ಲ. ಜಾಕ್ ಬೋಲ್ಟಿನ ಮೇಲೆ ಎತ್ತಿ, ಮಟ್ಟಕ್ಕೆ ತಂದು, ಸಂದಿಗೆ ಗಟ್ಟಿಯಾಗುವ ಗಾರೆ, ಅಂದರೆ ಗ್ರೌಟ್, ಸುರಿಯುತ್ತಾರೆ. ಅಂದರೆ ಅಡಿಪಾಯ ಹೇಗೇ ಇರಲಿ, ಮೇಲಿನದು ಮಟ್ಟಕ್ಕೆ ಬರುತ್ತದೆ. ಟೇಬಲಿಗೂ ಇದೇ ಸಾಕಲ್ಲವೇ? ಪ್ಲೇಟಿಗೆ ವೆಲ್ಡಿಂಗ್ ಕಿಡಿಯನ್ನೇ ತಾಕಿಸದೆ, ಎಳೆಯುವ ಬೋಲ್ಟು ಮತ್ತು ತಳ್ಳುವ ಬೋಲ್ಟುಗಳ ನಡುವೆ ಅದನ್ನು ಹಿಡಿದಿಟ್ಟರಾಯಿತು.

ಈ ಬಾರಿ 16 ಮಿ.ಮೀ. ಪ್ಲೇಟು ತಂದೆ. 1200ಕ್ಕೆ 800, ತೂಕ 120 ಕಿಲೊ. ಕೆಳಗೆ 100ರ ಸಿ ಚಾನಲ್‌ಗಳು, ಅವುಗಳ ಮೇಲೆ ಐದು ಸಾಲು ಮೂರರಂತೆ 15 ಜಾಗಗಳಲ್ಲಿ ಜೋಡಿ ಬೋಲ್ಟು. ಒಂದು 12 ಮಿ.ಮೀ.ನ ಕೌಂಟರ್‌ಸಂಕ್ ಅಲೆನ್ ಬೋಲ್ಟು, ಅಂದರೆ ತಲೆ ಪ್ಲೇಟಿನೊಳಗೇ ಮುಳುಗಿ ಕೂರುವಂಥದ್ದು, ಮೇಲಿನಿಂದ ಬಂದು ಪ್ಲೇಟನ್ನು ಕೆಳಗೆ ಎಳೆಯುತ್ತದೆ. ಪಕ್ಕದ್ದು ಕೆಳಗಿನಿಂದ ತಳ್ಳುತ್ತದೆ. ಚಾನಲ್‌ಗೂ ಪ್ಲೇಟಿಗೂ ನಡುವೆ ಸುಮಾರು 10 ಮಿ.ಮೀ. ಸಂದು ಬಿಟ್ಟೆ.

ಕೆಲಸದ ತುಂಡನ್ನು ಒರಗಿಸುವ ಪಿನ್ನುಗಳು ಕೂರುವ ತೂತುಗಳ ವಿಷಯದಲ್ಲೂ ಹಣ ಸುಟ್ಟೆ. ಜರ್ಮನಿಯ ಸೀಗ್ಮುಂಡ್ ಕಂಪನಿಯ ವೆಲ್ಡಿಂಗ್ ಟೇಬಲ್‌ಗಳಲ್ಲಿ 28, 22 ಮತ್ತು 16 ಮಿ.ಮೀ. ತೂತುಗಳ ಮೂರು ಪದ್ಧತಿಗಳಿವೆ. ನನ್ನ ಕೆಲಸಕ್ಕೆ 16 ಸಾಕು, 100 ಮಿ.ಮೀ. ಅಂತರದಲ್ಲಿ 96 ತೂತು. ಗುರುತು ಹಾಕಿ, ಪಂಚ್ ಹೊಡೆದು, ಬಾಡಿಗೆ ಮ್ಯಾಗ್ನೆಟ್ ಡ್ರಿಲ್ಲಿನಲ್ಲಿ ಕೊರೆಯೋಣ ಎಂದು ಉಳಿದಿದ್ದ ಒಂದು ತುಂಡಿನ ಮೇಲೆ ಆರು ತೂತು ಹಾಕಿ ನೋಡಿದೆ. ಎಷ್ಟೇ ಜಾಗ್ರತೆ ವಹಿಸಿದರೂ ಒಂದು ಮಿಲಿಮೀಟರ್ ಆಚೀಚೆ. ಎರಡು ಪಿನ್ನಿಗೆ ಒರಗಿಸಿದ ಗುನ್ಯಾ ಮೂರನೆಯದಕ್ಕೆ ತಾಗಲಿಲ್ಲ. ಕೊನೆಗೆ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಲೇಸರ್‌ನಿಂದ 15.6 ಹಾಕಿಸಿ, ತೂತನ್ನು ನಿಖರ ಅಳತೆಗೆ ಹಿಗ್ಗಿಸುವ ರೀಮರ್‌ನಿಂದ ನಾನೇ 16ಕ್ಕೆ ತಂದೆ. ಲೇಸರ್ ಕತ್ತರಿಸಿದ ಅಂಚು ಗಟ್ಟಿಯಾಗಿರುತ್ತದೆ, ತೂತೂ ಕೆಳಕ್ಕೆ ಹೋದಂತೆ ಕಿರಿದಾಗುತ್ತದೆ. ಮೊದಲ ರೀಮರ್ 40 ತೂತಿಗೆ ಮೊಂಡಾಯಿತು. ಮೂರು ರೀಮರ್ ತಿಂದ ಮೇಲೆ ಕೆಲಸ ಮುಗಿಯಿತು. ಮೂರನೆಯದು ಇನ್ನೂ ಚೂಪಾಗಿದೆ, ಏಕೆಂದರೆ ಅಷ್ಟರಲ್ಲಿ ನಾನು ಕಟಿಂಗ್ ಆಯಿಲ್ ಬದಲಿಸಿದ್ದೆ. ಏನು ಹಾಕಿದೆ ಎಂಬುದು ನನ್ನಲ್ಲೇ ಇರಲಿ.

ಪಿನ್ನಿಗೆ ಮಾತ್ರ ಖರ್ಚೇ ಇಲ್ಲ. 16ರ ಬ್ರೈಟ್ ಬಾರ್, ಅಂದರೆ ನಯವಾದ ಉಕ್ಕಿನ ಸರಳು, ಯಾವಾಗಲೂ ಅಳತೆಗಿಂತ ಕೂದಲೆಳೆಯಷ್ಟು ಕಡಿಮೆಯೇ ಬರುತ್ತದೆ. ತುಂಡು ಮಾಡಿ, ತುದಿ ಸವರಿದರೆ ರೀಮರ್ ಹಾಕಿದ ತೂತಿಗೆ ಬೆಣ್ಣೆಯಂತೆ ಇಳಿಯುತ್ತದೆ.

ಪ್ಲೇಟಿನ ಕರಿ ಪೊರೆ ತೆಗೆಯುವಾಗ ಒಂದು ಅನಾಹುತ ಮಾಡಿಕೊಂಡೆ. ಫ್ಲಾಪ್ ಡಿಸ್ಕ್ ಉಳಿಸಲು ಬಚ್ಚಲು ತೊಳೆಯುವ ಆಸಿಡ್ ಸುರಿದು ರಾತ್ರಿ ಶೆಡ್ಡಿನ ಬಾಗಿಲು ಹಾಕಿದೆ. ಪೊರೆ ಬಿಟ್ಟಿತು ನಿಜ, ಆದರೆ ಆ ಹಬೆಗೆ ಡ್ರಿಲ್ ಚಕ್, ಟ್ಯಾಪ್‌ಗಳು, ವರ್ನಿಯರ್ ಎಲ್ಲಕ್ಕೂ ಒಂದೇ ರಾತ್ರಿಯಲ್ಲಿ ತುಕ್ಕು ಹತ್ತಿತು. ತಾಮ್ರದ ಕೊಡಕ್ಕೆ ಅವ್ವ ಹುಣಸೆಹಣ್ಣು ಹಚ್ಚುವುದು ನೆನಪಾಗಿ ಹುಣಸೆ ನೀರಿನಲ್ಲಿ ಒಂದು ಪಟ್ಟಿ ನೆನೆಸಿಟ್ಟೆ. ಮೂರು ದಿನಕ್ಕೆ ಪೊರೆ ಸಡಿಲವಾಯಿತು, ಶೆಡ್ಡಿನಲ್ಲಿದ್ದ ಬೇರೆ ಯಾವುದಕ್ಕೂ ತುಕ್ಕು ಬರಲಿಲ್ಲ. ಸಣ್ಣ ತುಂಡುಗಳಿಗೆ ಈಗಲೂ ಅದನ್ನೇ ಬಳಸುತ್ತೇನೆ.

ಮಟ್ಟ ಮಾಡುವುದೇ ನಿಜವಾದ ಕೆಲಸ. ನೇರ ನೋಡುವ ಒಂದು ಮೀಟರಿನ ಪಟ್ಟಿ, ಸ್ಟ್ರೈಟ್ ಎಜ್, ಕಾಕಾ ಅವರದೇ. ಆದರೆ ಕರ್ಣ 1442 ಮಿ.ಮೀ. ಇದೆ, ಅದು ಸಾಲದು. ಧಾರವಾಡದಲ್ಲಿ ವಾದ್ಯಗಳ ಅಂಗಡಿಯಿಂದ ಸಿತಾರಿನ ಉಕ್ಕಿನ ತಂತಿ ತಂದೆ. ನಾಲ್ಕು ಮೂಲೆಗೆ ಒಂದೇ ಎತ್ತರದ ಗುಂಡುಗಳನ್ನಿಟ್ಟು ಎರಡೂ ಕರ್ಣಕ್ಕೆ ತಂತಿ ಹಾಯಿಸಿ, ತುದಿಗೆ ಐದು ಕಿಲೊ ತೂಕ ಕಟ್ಟಿದೆ. ತಂತಿಗಳು ನಡುವೆ ಒಂದನ್ನೊಂದು ಮುಟ್ಟೀತೋ ಮುಟ್ಟದೋ ಎಂಬಂತೆ ಹಾದರೆ ತಿರುಚು ಇಲ್ಲ. ಇಷ್ಟು ಗಟ್ಟಿಯಾಗಿ ಎಳೆದರೆ ತಂತಿಯ ಜೋಲು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ತಿರುಚು ತೆಗೆದ ಮೇಲೆ ಸ್ಟ್ರೈಟ್ ಎಜ್ ಮತ್ತು ಸಂದು ಅಳೆಯುವ ಫೀಲರ್ ಗೇಜ್ ಹಿಡಿದು ಒಂದೊಂದೇ ಬೋಲ್ಟು.

ಮೂರು ದಿನ ತಲೆ ಕೆಟ್ಟುಹೋಯಿತು. ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ಎರಡು ಗಂಟೆಗೆ 0.2 ಮಿ.ಮೀ. ಉಬ್ಬಿರುತ್ತಿತ್ತು. ಬೋಲ್ಟು ಎಳೆದರೆ ಮರುದಿನ ಬೆಳಿಗ್ಗೆ ತಗ್ಗು. ಕಾರಣ ತಗಡಿನ ಸಂದಿಯಿಂದ ಪ್ಲೇಟಿನ ಮೇಲೆ ಬೀಳುತ್ತಿದ್ದ ಬಿಸಿಲು. ಮೇಲ್ಮೈ ತಳಕ್ಕಿಂತ ಒಂದೆರಡು ಡಿಗ್ರಿ ಕಾದರೂ ಸಾಕು, ಪ್ಲೇಟು ಬಾಗುತ್ತದೆ. ಸಂದಿಗೆ ಗೋಣಿಚೀಲ ಹೊದಿಸಿದೆ. ಅಲ್ಲಿಂದ ಮುಂದೆ ಅಳತೆಯೆಲ್ಲ ಬೆಳಗಿನ ಆರರಿಂದ ಎಂಟರವರೆಗೆ ಮಾತ್ರ. ಒಂದು ವಾರಕ್ಕೆ ಉದ್ದದಲ್ಲಿ 0.1, ಕರ್ಣದಲ್ಲಿ 0.2ಕ್ಕೆ ತಂದೆ. ನಾನು ಮಾಡುವ ವೆಲ್ಡಿಂಗ್ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಕೇಳುವವರು ಯಾರೂ ಇಲ್ಲ.

ಚಾನಲ್‌ಗೂ ಪ್ಲೇಟಿಗೂ ನಡುವಿನ ಸಂದಿಗೆ ಗ್ರೌಟ್ ಮೊದಲು ಸಿಮೆಂಟಿನದು ಹಾಕಿದ್ದೆ. ಸುತ್ತಿಗೆಯ ಪೆಟ್ಟಿಗೆ ಎರಡು ತಿಂಗಳಲ್ಲಿ ಉದುರಿತು. ಆಮೇಲೆ ಎಪಾಕ್ಸಿ. ಪ್ಲೇಟಿನ ತಳಕ್ಕೆ ಮೇಣ ಹಚ್ಚಿ ಸುರಿದೆ, ಹೀಗಾಗಿ ಅದು ಪ್ಲೇಟಿಗೆ ಅಂಟಿಲ್ಲ. ಬೇಕಾದಾಗ ಪ್ಲೇಟು ಎತ್ತಬಹುದು. ಬರಿಯ ಎಪಾಕ್ಸಿ ಮೆತ್ತಗೆ, ಕಾದರೆ ಇನ್ನೂ ಮೆತ್ತಗಾಗುತ್ತದೆ. ಅದಕ್ಕೊಂದು ಪುಡಿ ಬೆರೆಸಿದ್ದೇನೆ. ಲೇತ್ ಇರುವವರ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ ಎಂದಷ್ಟೇ ಹೇಳುತ್ತೇನೆ, ಪ್ರಮಾಣ ಹೇಳುವುದಿಲ್ಲ.

ನೆನಪಿನಿಂದ ಲೆಕ್ಕ: ತೆರಿಗೆ ಸೇರಿ ಪ್ಲೇಟಿಗೆ ಒಂಬತ್ತೂವರೆ ಸಾವಿರ, ಲೇಸರ್‌ಗೆ ಐದೂವರೆ, ಚಾನಲ್ ಮತ್ತು ಕಾಲುಗಳಿಗೆ ಆರೂವರೆ, ರೀಮರ್ ಎರಡೂವರೆ, ಎಪಾಕ್ಸಿ ಎರಡು ಮುಕ್ಕಾಲು, ಬೋಲ್ಟು, ಡಿಸ್ಕು, ಬಾಡಿಗೆ ಎಲ್ಲ ಸೇರಿ ಮೂರೂವರೆ. ಒಟ್ಟು ಮೂವತ್ತು ಸಾವಿರದ ಆಸುಪಾಸು. ಮೊದಲ ಟೇಬಲಿನ ನಷ್ಟ ಬೇರೆ.

ಮಳೆಗಾಲದಲ್ಲಿ ಮೇಲ್ಮೈಯನ್ನು ನಾಲ್ಕು ಪಾಲು ಮಾಡಿ ಪರೀಕ್ಷಿಸಿದೆ. ಹಳೆ ಎಂಜಿನ್ ಆಯಿಲ್ ಹಚ್ಚಿದಲ್ಲಿ ತುಕ್ಕು ಬರಲಿಲ್ಲ, ಆದರೆ ಹೊಗೆ ಎದ್ದು ಬೆಸುಗೆಯಲ್ಲಿ ಸೂಜಿತೂತುಗಳು ಬಿದ್ದವು. ಹರಳೆಣ್ಣೆ ಅಂಟಂಟಾಗಿ ಗ್ರೈಂಡಿಂಗ್ ಧೂಳನ್ನೆಲ್ಲ ಹಿಡಿದುಕೊಂಡಿತು. ಏನೂ ಹಚ್ಚದ ಪಾಲು ಐದೇ ದಿನಕ್ಕೆ ಕೆಂಪಾಯಿತು. ಮೇಣದಬತ್ತಿ ಉಜ್ಜಿ ಬಟ್ಟೆಯಿಂದ ತೀಡಿದ ಪಾಲು ಮೂರು ವಾರ ತಡೆಯಿತು, ಕಿಡಿಯೂ ಅಲ್ಲಿ ಕಡಿಮೆ ಅಂಟಿತು. ಈಗ ಹದಿನೈದು ದಿನಕ್ಕೊಮ್ಮೆ ಇಡೀ ಟೇಬಲಿಗೆ ಮೇಣ. ಬೆಸುಗೆ ಬೀಳುವ ಜಾಗವನ್ನು ಮಾತ್ರ ಮೊದಲು ಒರೆಸಿಕೊಳ್ಳುತ್ತೇನೆ.

ಎಂಟು ತಿಂಗಳಾದ ಮೇಲೆ ಮತ್ತೆ ತಂತಿ ಹಾಯಿಸಿದೆ. ಈಶಾನ್ಯ ಮೂಲೆ 0.1 ಇಳಿದಿತ್ತು. ಅಲ್ಲಿಯ ಎಳೆಯುವ ಬೋಲ್ಟನ್ನು ಸಡಿಲಿಸಿ, ತಳ್ಳುವ ಬೋಲ್ಟನ್ನು ಕಾಲು ಸುತ್ತಿಗಿಂತ ಕಡಿಮೆ ಏರಿಸಿ, ಮತ್ತೆ ಬಿಗಿದೆ. ಹತ್ತು ನಿಮಿಷದ ಕೆಲಸ. ಕಾಕಾ ಪಕ್ಕದಲ್ಲೇ ನಿಂತು ನೋಡಿದರು. ಸ್ಟ್ರೈಟ್ ಎಜ್ ಇನ್ನೂ ನನ್ನ ಶೆಡ್ಡಿನಲ್ಲೇ ಇದೆ, ಅವರು ವಾಪಸ್ ಕೇಳಿಲ್ಲ.